ಪೂರ್ವದ ಬಾಗಿಲು ಸರಿ, ಮುಂದಿನ ರಸ್ತೆ ಯಾರದು? ಮನೆ ಕೊಳ್ಳೋ ಮುಂಚೆ ಏನೇನು ನೋಡಬೇಕು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

 

ಇವತ್ತಿನ ವಿಷಯ ನಮ್ಮನೆಯದ್ದೇ. ನಾವು ನ್ಯಾಮತಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದೀವಿ. ಹೋದ ವರ್ಷ ಅಪ್ಪ, "ಸಾಕು ಕಣವ್ವ, ಇನ್ನಾದರೂ ಒಂದು ಸ್ವಂತ ಸೂರು ಮಾಡ್ಕೊಳ್ಳೋಣ" ಅಂದರು. ಹುಡುಕೋಕೆ ಶುರು ಮಾಡಿದ್ವಿ. ಒಂದು ಮನೆ ಸಿಕ್ಕಿತು. ಎರಡು ರೂಮು, ಪೂರ್ವಕ್ಕೆ ಬಾಗಿಲು, ಈಶಾನ್ಯಕ್ಕೆ ಸಂಪು, ಆಗ್ನೇಯಕ್ಕೆ ಅಡುಗೆಮನೆ. ಅಪ್ಪನಿಗೆ ಕಣ್ಣು ತುಂಬಿ ಬಂತು. ರೇಟು 25 ಲಕ್ಷ. ಅವತ್ತು ಸಂಜೆನೇ 50 ಸಾವಿರ ಟೋಕನ್ ಕೊಟ್ಟು ಬಂದರು.

ರಾತ್ರಿ ನಾನು ಕ್ರಯಪತ್ರದ ಜೆರಾಕ್ಸ್ ಓದ್ತಾ ಕೂತೆ. ಚೆಕ್ಕುಬಂದಿ ಅಂತ ಬರುತ್ತಲ್ಲ, ನಾಲ್ಕು ದಿಕ್ಕಿಗೆ ಏನಿದೆ ಅಂತ ಬರೆಯೋದು? ಪೂರ್ವಕ್ಕೆ "ರಸ್ತೆ" ಅಂತ ಇರಬೇಕಿತ್ತು. ಇದ್ದದ್ದು ಇನ್ನೊಬ್ಬರ ಹೆಸರು, ಮುಂದೆ "ಇವರ ಜಮೀನು" ಅಂತ. ಅಂದ್ರೆ ಆ ಚಂದದ ಪೂರ್ವದ ಬಾಗಿಲು ತೆಗೆದು ಹೊಸ್ತಿಲು ದಾಟಿದರೆ ನಾವು ಬೇರೆಯವರ ಜಾಗದಲ್ಲಿ ಕಾಲಿಡ್ತೀವಿ. ಅವರು ನಾಳೆ ಬೇಲಿ ಹಾಕಿದರೆ? ಮಾರೋರನ್ನ ಕೇಳಿದ್ವಿ. "ಹದಿನೈದು ವರ್ಷದಿಂದ ಎಲ್ಲರೂ ಓಡಾಡ್ತಾರೆ, ಏನೂ ಆಗಲ್ಲ" ಅಂದರು. ಬೇಡ ಅಂದ್ವಿ. ಟೋಕನ್ ವಾಪಸ್ ಬರೋಕೆ ನಾಲ್ಕು ತಿಂಗಳಾಯ್ತು, ಅದರಲ್ಲೂ ಹತ್ತು ಸಾವಿರ ಕಮ್ಮಿ.

ಎರಡು ಕಾಲಂ

ನಾನು ಬಿಕಾಂ ಓದಿದವಳು. ತಲೆ ಕೆಟ್ಟಾಗ ಕಾಲಂ ಹಾಕ್ತೀನಿ. ಎಡಗಡೆ, ದುಡ್ಡಿದ್ದರೆ ಆಮೇಲೆ ಬದಲಾಯಿಸಬಹುದಾದ್ದು: ಬಣ್ಣ, ಟೈಲ್ಸು, ಕಿಚನ್ ಕಪಾಟು, ಬಾತ್‌ರೂಮು, ಗೇಟು. ಬಲಗಡೆ, ಎಷ್ಟು ದುಡ್ಡಿದ್ದರೂ ಬದಲಾಯಿಸೋಕೆ ಆಗದ್ದು: ಜಾಗ, ರಸ್ತೆ, ನೆಲದ ಮಟ್ಟ, ಅಂತರ್ಜಲ, ಗಾಳಿ ಬೆಳಕು, ಅಕ್ಕಪಕ್ಕದವರು, ಕಾಗದದ ಇತಿಹಾಸ.

ಮನೆ ನೋಡೋಕೆ ಹೋದಾಗ ನಮ್ಮ ಕಣ್ಣು ಮೊದಲು ಹೋಗೋದು ಎಡಗಡೆ ಕಾಲಂಗೆ. ಯಾಕಂದ್ರೆ ಮಾರೋರು ಸಿಂಗಾರ ಮಾಡಿರೋದೂ ಅದನ್ನೇ. ಅದಕ್ಕೇ ನಾನು ಹೇಳೋದು ಇಷ್ಟೇ: ಬಲಗಡೆ ಕಾಲಂ ಮೊದಲು ನೋಡಿ. ಅದರಲ್ಲಿ ಪಾಸಾದ ಮನೆಯ ಟೈಲ್ಸ್ ಮಾತ್ರ ನೋಡಿ.

ನಮ್ಮ ಕಡೆ ಜನ ಏನು ಕೇಳ್ತಾರೆ

2017ರ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿನೂ ಒಂದು. ಅದಕ್ಕೂ ಮುಂಚೆ ನಾವು ಹೊನ್ನಾಳಿ ತಾಲ್ಲೂಕಿನವರು. ತಾಲ್ಲೂಕು ಆದ ಮೇಲೆ ಮನೆ ಹುಡುಕೋರೂ ಬೇರೆ ಬೇರೆ ಥರ ಆದರು. ನೌಕರಿಯವರಿಗೆ ಕಾರು ನಿಲ್ಲಿಸೋಕೆ ಜಾಗ, ಶಿವಮೊಗ್ಗಕ್ಕೆ ಬಸ್ಸು ಸಲೀಸಾಗಿ ಸಿಗಬೇಕು. ತೋಟದವರಿಗೆ ಅಡಿಕೆ ಒಣಗಿಸೋಕೆ ಸಮತಟ್ಟಾದ ತಾರಸಿ, ಮೆಕ್ಕೆಜೋಳದ ಚೀಲ ಇಡೋಕೆ ಜಾಗ, ಟ್ರ್ಯಾಕ್ಟರ್ ತಿರುಗಿಸುವಷ್ಟು ಅಗಲದ ರಸ್ತೆ ಬೇಕು. ಹೊಸದಾಗಿ ಮದುವೆಯಾದೋರಿಗೆ ಅಟ್ಯಾಚ್ಡ್ ಬಾತ್‌ರೂಮು. ಹಿರಿಯರಿಗೆ ವಾಸ್ತು, ದೇವರಮನೆ, ಬಾವಿಯೋ ಬೋರೋ ಒಂದು ನೀರು.

ನಮ್ಮಮ್ಮ ಕೇಳಿದ್ದು ಒಂದೇ. "ಮಂಡಿ ನೋವು, ಮೆಟ್ಟಿಲು ಬೇಡ." ಇಷ್ಟು ಮನೆ ನೋಡಿದ್ವಲ್ಲ, ಅದನ್ನ ಕೇಳಿಸಿಕೊಂಡವರು ಯಾರೂ ಇರಲಿಲ್ಲ, ನಾನೂ ಸೇರಿ. ಮನೆಯಲ್ಲಿ ದಿನಕ್ಕೆ ಹೆಚ್ಚು ಹೊತ್ತು ಇರೋರು ಯಾರೋ ಅವರ ಪಟ್ಟಿ ಮೊದಲು ಬರೀರಿ.

ಎರಡು ಸಲ ಹೋಗಿ

ಒಂದು ಸಲ ಏಪ್ರಿಲ್‌ನಲ್ಲಿ. ಆಗ ಗೊತ್ತಾಗುತ್ತೆ ಬೋರಲ್ಲಿ ನೀರೆಷ್ಟು, ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತೆ ಅಂತ. ಮಾರೋರನ್ನ ಕೇಳಬೇಡಿ, ಎದುರುಮನೆ ಅಜ್ಜಿಯನ್ನ ಕೇಳಿ. ಇನ್ನೊಂದು ಸಲ ಜೋರು ಮಳೆ ಬಂದ ಮಾರನೇ ದಿನ. ಗೋಡೆ ಬುಡದಲ್ಲಿ ತೇವದ ಗೆರೆ, ಚರಂಡಿ ಹರಿಯೋ ದಿಕ್ಕು, ಎಲ್ಲ ಕಾಣುತ್ತೆ. ರಸ್ತೆ ಮೇಲೆ ಡಾಂಬರು, ಕಾಂಕ್ರೀಟು ಹಾಕ್ತಾ ಹಾಕ್ತಾ ರಸ್ತೆ ಎತ್ತರ ಆಗಿ, ಹಳೇ ಮನೆ ಅಂಗಳ ತಗ್ಗಾಗಿರುತ್ತೆ. ಮಳೆ ನೀರು ಸೀದಾ ಒಳಗೆ.

ಹೊನ್ನಾಳಿಯ ಬಾಲರಾಜ್ ಘಾಟ್ ಗೊತ್ತಲ್ಲ? ತುಂಗಭದ್ರೆ ಉಕ್ಕಿದಾಗ ಅಲ್ಲಿನ ಮನೆಯವರು ಕಾಳಜಿ ಕೇಂದ್ರಕ್ಕೆ ಹೋಗಬೇಕಾಗುತ್ತೆ. ಬೇಸಿಗೆಯಲ್ಲಿ ನೋಡಿದರೆ ನದಿ ಪಕ್ಕದ ಮನೆ ಎಷ್ಟು ತಂಪು ಅನ್ಸುತ್ತೆ!

ಕಾಗದ

ಊರೊಳಗಿನ ಮನೆಯಾದರೆ ಪಟ್ಟಣ ಪಂಚಾಯಿತಿಯ ಇ-ಖಾತೆ ಕೇಳಿ. ಪಕ್ಕದ ಹಳ್ಳಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ನಮೂನೆ 11ಬಿ ಅಂತ ಕಂಡರೆ ಅಲ್ಲೇ ನಿಲ್ಲಿ. ಭೂ ಪರಿವರ್ತನೆ ಅಥವಾ ಲೇಔಟ್ ಅನುಮೋದನೆಯ ವಿಷಯ ಬಾಕಿ ಇರಬಹುದು, ಬ್ಯಾಂಕ್ ಸಾಲ ಕಷ್ಟ ಆಗಬಹುದು.

ಕಾವೇರಿ ವೆಬ್‌ಸೈಟಲ್ಲಿ ಋಣಭಾರ ಪತ್ರ, ಅಂದ್ರೆ ಇಸಿ, ತೆಗೆಸಿ. ಮೂವತ್ತು ವರ್ಷದ್ದು ಸಿಕ್ಕರೆ ಒಳ್ಳೇದು. ಒಂದು ನೆನಪಿಡಿ, ಇಸಿಯಲ್ಲಿ ಬರೋದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ಸಾಲ, ನೋಂದಣಿ ಇಲ್ಲದ ಕರಾರು ಅದರಲ್ಲಿ ಕಾಣಲ್ಲ.

ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ಕೇಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು. "ಅಕ್ಕ ಕೊಟ್ಟ ಮನೆಯಲ್ಲಿದ್ದಾಳೆ, ಅವಳೇನೂ ಕೇಳಲ್ಲ" ಅಂತ ಮಾರೋರು ಅಂದರೆ, "ಹಂಗಾದ್ರೆ ಅಕ್ಕನೇ ಬಂದು ಸಹಿ ಹಾಕಲಿ" ಅನ್ನಿ. ಈ ಮಾತು ಹೇಳೋಕೆ ನಮ್ಮಪ್ಪನಿಗೆ ಸಂಕೋಚ. ನಾನೂ ಒಬ್ಬ ಮಗಳು, ನಂಗೇನೂ ಸಂಕೋಚ ಇಲ್ಲ.

ಕೈಯಲ್ಲಿ ಎಷ್ಟಿರಬೇಕು

25 ಲಕ್ಷದ ಮನೆ ಅಂದ್ರೆ 25 ಲಕ್ಷ ಸಾಕಾಗಲ್ಲ. ಮುದ್ರಾಂಕ ಶುಲ್ಕ ಶೇ 5, ಅಂದ್ರೆ 1.25 ಲಕ್ಷ. ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ಪಟ್ಟಣದಲ್ಲಿ 15 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ, ಅದು 50 ಸಾವಿರ. ಒಟ್ಟು 1.90 ಲಕ್ಷ. ಸರ್ಕಾರದ ಮಾರ್ಗಸೂಚಿ ಬೆಲೆ ಜಾಸ್ತಿ ಇದ್ದರೆ ಅದರ ಮೇಲೇ ಲೆಕ್ಕ.

30 ಲಕ್ಷದವರೆಗಿನ ಗೃಹಸಾಲದಲ್ಲಿ ಮನೆ ಬೆಲೆಯ ಶೇ 90ರವರೆಗೆ ಕೊಡಬಹುದು ಅನ್ನುತ್ತೆ ಆರ್‌ಬಿಐ. ಕೊಡಲೇಬೇಕು ಅಂತಲ್ಲ. ಈ ಬೆಲೆಯ ಮನೆಗೆ ನೋಂದಣಿ ಖರ್ಚು ಆ ಲೆಕ್ಕದೊಳಗೆ ಬರಲ್ಲ. ಅಂದ್ರೆ ಪೂರ್ತಿ ಶೇ 90 ಸಿಕ್ಕರೂ ಕೈಯಿಂದ 2.5 ಲಕ್ಷ, ಪ್ಲಸ್ 1.9 ಲಕ್ಷ. 4.4 ಲಕ್ಷ ನಮ್ಮ ಹತ್ರ ಇರಲೇಬೇಕು. ಇನ್ನು 15 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಅಂತ ಇಟ್ಕೊಳ್ಳಿ. ಕಂತು ತಿಂಗಳಿಗೆ ಸುಮಾರು 13 ಸಾವಿರ. ಒಟ್ಟು ಕಟ್ಟೋದು 31 ಲಕ್ಷ ದಾಟುತ್ತೆ.

ಈಗ ಎಲ್ಲಿದ್ದೀವಿ

ಹೋದ ತಿಂಗಳು ಇನ್ನೊಂದು ಮನೆ ನೋಡಿದ್ವಿ. ಬಣ್ಣ ಮಾಸಿದೆ, ಅಡುಗೆಮನೆ ಚಿಕ್ಕದು. ಆದರೆ ನೆಲ ರಸ್ತೆಗಿಂತ ಎರಡಡಿ ಮೇಲಿದೆ, ಪಕ್ಕದವರ ಬೋರಲ್ಲಿ ಬೇಸಿಗೆಯಲ್ಲೂ ನೀರು ಬಂದಿದೆಯಂತೆ, ಚೆಕ್ಕುಬಂದಿಯಲ್ಲಿ "ರಸ್ತೆ" ಅಂತಲೇ ಇದೆ. ಬಾಗಿಲು ಮಾತ್ರ ಪಶ್ಚಿಮಕ್ಕೆ.

ಅಪ್ಪ ಇನ್ನೂ ಮನಸ್ಸು ಮಾಡಿಲ್ಲ. ವಾಸ್ತು ಅವರ ನಂಬಿಕೆ, ಅದನ್ನ ನಾನು ನಗಾಡಲ್ಲ. ನೆಮ್ಮದಿಯಿಂದ ನಿದ್ದೆ ಬರಬೇಕಲ್ಲ ಮನೇಲಿ. ಅಮ್ಮ ಮಾತ್ರ ಅವತ್ತು ಜಗಲಿ ಮೇಲೆ ಕೂತು, "ಇಲ್ಲಿ ಎರಡೇ ಮೆಟ್ಟಿಲು" ಅಂದಳು. ಇಸಿಗೆ ಅರ್ಜಿ ಹಾಕಿದ್ದೀನಿ. ಅದು ಬರೋವರೆಗೂ ಟೋಕನ್ ಇಲ್ಲ ಅಂತ ಅಪ್ಪನ ಹತ್ರ ಮಾತು ತಗೊಂಡಿದ್ದೀನಿ.

ನೀವು ಇವತ್ತು ಒಂದು ಕೆಲಸ ಮಾಡಿ. ಬೀರುವಿನಿಂದ ನಿಮ್ಮನೆ ಪತ್ರ ತೆಗೆದು ಚೆಕ್ಕುಬಂದಿ ಓದಿ. ನಿಮ್ಮ ಬಾಗಿಲ ಮುಂದೆ ಏನಿದೆ ಅಂತ ಬರೆದಿದೆ? ಒಂದು ವಾಯ್ಸ್ ಮೆಸೇಜ್ ಹಾಕಿ, ಕೇಳ್ತೀನಿ. ಮುಂದಿನ ವಾರ ಸಿಗೋಣ.