ನೀಲಿ ಹೊಗೆಯ ಜಾಡು ಹಿಡಿದು

ಪುಣೆಯಿಂದ ಹೈದರಾಬಾದ್, ವಿಜಯವಾಡ ದಾಟಿ ಮಚಲೀಪಟ್ಟಣ ಮುಟ್ಟುವ ರಾಷ್ಟ್ರೀಯ ಹೆದ್ದಾರಿ 65 ಬೀದರ್ ಜಿಲ್ಲೆಯನ್ನು ಹಾದುಹೋಗುತ್ತದೆ. ಹಿಂದೆ ಅದರ ಸಂಖ್ಯೆ 9 ಇತ್ತು. ನಾಂದೇಡ್, ಬೀದರ್ ಕಡೆಯಿಂದ ಬಂದು ಕಲಬುರಗಿ, ವಿಜಯಪುರದತ್ತ ಹೋಗುವ ಹೆದ್ದಾರಿ 50 ಅದನ್ನು ಹುಮನಾಬಾದ್‌ನಲ್ಲಿ ಸಂಧಿಸುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಹೊರಟರೆ ಸಸ್ತಾಪುರ ಬಂಗ್ಲಾ, ಬಸವಕಲ್ಯಾಣದ ತಿರುವು. ಕಲ್ಯಾಣವೆಂದರೆ ನಾಡಿಗೆಲ್ಲ ಶರಣರ ಊರು, ಚಾಲುಕ್ಯರ ರಾಜಧಾನಿ. ಲಾರಿ ಮಂದಿಗೆ ಮಾತ್ರ ಮೊದಲು ನೆನಪಾಗುವುದು ಅಲ್ಲಿನ ಆಟೋನಗರ. ಬಾಡಿ ಕಟ್ಟುವವರು, ಪಾಟಾ ಕೆಲಸದವರು, ಲೇತ್‌ನವರು, ಇಂಜಿನ್ ಮಿಸ್ತ್ರಿಗಳು ಒಂದೇ ಕಡೆ ಸಿಗುವ ಜಾಗ ಅದು. ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಬೆರೆತ ಮಾತಿನಲ್ಲಿ ಕೆಲಸ ಸಾಗುತ್ತದೆ.

ಇಂಥ ಅಂಗಡಿಗಳಿಗೆ ಬರುವ ದೂರುಗಳಲ್ಲಿ ಎಲ್ಲಕ್ಕಿಂತ ತಲೆನೋವಿನದು ಒಂದಿದೆ. “ಉಸ್ತಾದ್, ಇಂಜಿನ್ ಕೆಲಸ ಮಾಡ್ಸಿ ಇನ್ನಾ ತಿಂಗಳಾಗಿಲ್ಲ, ಆಯಿಲ್ ತಿನ್ಲಾಕತ್ತದ. ಹಿಂದ ನೀಲಿ ಹೊಗಿ ಬರ್ಲಾಕತ್ತದ.” ಬೋರಿಂಗ್ ಆಗಿದೆ, ಹೊಸ ಪಿಸ್ಟನ್, ಹೊಸ ರಿಂಗ್ ಬಿದ್ದಿವೆ, ದುಡ್ಡೂ ಹೋಗಿದೆ. ಹಾಗಾದರೆ ತಪ್ಪು ಯಾರದು? ಮಾಲೀಕ ಮಿಸ್ತ್ರಿಯ ಕಡೆ ನೋಡುತ್ತಾನೆ, ಮಿಸ್ತ್ರಿ ಲೇತ್‌ನವನ ಕಡೆ, ಲೇತ್‌ನವನು ಬಿಡಿಭಾಗ ಮಾರಿದವನ ಕಡೆ. ಒಳ್ಳೆಯ ಮಿಸ್ತ್ರಿ ಈ ಜಗಳಕ್ಕೆ ಇಳಿಯುವುದಿಲ್ಲ. ಪಾನಾ ಕೈಗೆತ್ತಿಕೊಳ್ಳುವ ಮೊದಲು ಅವನು ಪ್ರಶ್ನೆ ಕೇಳುತ್ತಾನೆ. ಈ ವಿದ್ಯೆಯ ಅರ್ಧ ಭಾಗ ಇರುವುದು ಅಲ್ಲೇ.

ಹೊಗೆ ಯಾವಾಗ ಬರುತ್ತದೆ ಎಂಬುದು ಮೊದಲ ಪ್ರಶ್ನೆ. ರಾತ್ರಿಯೆಲ್ಲ ನಿಂತ ಗಾಡಿಗೆ ಬೆಳಿಗ್ಗೆ ಸೆಲ್ಫ್ ಹೊಡೆದಾಗ ಒಂದು ಗುಕ್ಕು ನೀಲಿ ಹೊಗೆ ಬಂದು ಆಮೇಲೆ ತಿಳಿಯಾದರೆ ಸಂಶಯ ಹೆಡ್ಡಿನ ಮೇಲೆ. ವಾಲ್ವ್ ಗೈಡ್ ಸವೆದು ಆಯಿಲ್ ರಾತ್ರಿಯಿಡೀ ಕೆಳಗೆ ಇಳಿದಿರುತ್ತದೆ. ಲೋಡು ಎಳೆಯುವಾಗ ಒಂದೇ ಸಮನೆ ಬಂದರೆ ರಿಂಗು, ಸಿಲಿಂಡರ್ ಗೋಡೆಯ ಕಡೆ ಗಮನ ಹೋಗುತ್ತದೆ. ಕಪ್ಪು ಹೊಗೆ ಬೇರೆ ಕತೆ, ಅದು ಡೀಸೆಲ್ ಹೆಚ್ಚಾಗಿಯೋ ಗಾಳಿ ಸಾಲದೆಯೋ ಬರುವಂಥದ್ದು. ಟರ್ಬೊ ಇರುವ ಗಾಡಿಯಾದರೆ ಅದರಿಂದ ಇಂಜಿನ್‌ಗೆ ಹೋಗುವ ಗಾಳಿ ಪೈಪ್ ಕಳಚಿ ಒಳಗೆ ಬೆರಳಾಡಿಸುತ್ತಾರೆ. ಬೆರಳಿಗೆ ಆಯಿಲ್ ಧಾರಾಳವಾಗಿ ಹತ್ತಿದರೆ ಟರ್ಬೊ ಸೀಲು ಸೋರುತ್ತಿರಬಹುದು. ಪಾಪ, ಪಿಸ್ಟನ್ನಿಗೆ ಸುಮ್ಮನೆ ಕೆಟ್ಟ ಹೆಸರು.

ಲಾರಿಗಳಲ್ಲೇ ಅಡಗಿರುವ ಇನ್ನೊಬ್ಬ ಕಳ್ಳನಿದ್ದಾನೆ. ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಓಡುವುದು ಇಂಜಿನ್ನಿನ ಆಯಿಲ್‌ನಲ್ಲೇ. ಅದರ ಪುಟ್ಟ ಪಿಸ್ಟನ್ನಿನ ರಿಂಗ್ ಸವೆದರೆ ಆಯಿಲ್ ಗಾಳಿ ಟ್ಯಾಂಕಿಗೆ ಸೇರುತ್ತದೆ. ಹೊಗೆ ಇಲ್ಲ, ಸೋರಿಕೆ ಇಲ್ಲ, ಆದರೂ ಗೇಜ್ ಕಡ್ಡಿಯಲ್ಲಿ ಮಟ್ಟ ಇಳಿಯುತ್ತಲೇ ಇರುತ್ತದೆ. ಟ್ಯಾಂಕಿನ ಕೆಳಗಿನ ಕಾಕ್ ಬಿಟ್ಟಾಗ ನೀರಿನ ಜೊತೆ ಕಪ್ಪು ಆಯಿಲ್ ಉಗುಳಿದರೆ ಕಳ್ಳ ಸಿಕ್ಕಂತೆ. ಇಷ್ಟು ನೋಡದೆ ಇಂಜಿನ್ ಇಳಿಸಿಬಿಟ್ಟರೆ ಕೆಲಸಕ್ಕೆ ಕೆಲಸ, ಖರ್ಚಿಗೆ ಖರ್ಚು.

ಇವೆಲ್ಲ ಸರಿಯಿದ್ದು, ಇಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆದರೆ ಭುಸುಭುಸು ಗಾಳಿ ನುಗ್ಗುತ್ತಿದೆ ಎಂದಾದರೆ ಬಿಚ್ಚದೆ ಗತಿಯಿಲ್ಲ.

ಒಳಗಿನ ಅಳತೆಗಳು ಎಷ್ಟು ಸೂಕ್ಷ್ಮವೆಂದು ತಿಳಿಯಲು ಟಾಟಾ ಲಾರಿಗಳ 697 ಇಂಜಿನ್ ನೋಡಬಹುದು. ಆ ಲಾರಿಗಳನ್ನು ತಯಾರಿಸುತ್ತಿದ್ದ ಟೆಲ್ಕೊ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿತ್ತು. ಆ ಕಂಪನಿಯ ಓಎಂ 352 ಇಂಜಿನ್ನಿನ ವಂಶದ್ದೇ ಈ 697. ಆರು ಸಿಲಿಂಡರ್, 97 ಮಿ.ಮೀ. ಬೋರ್, ಎರಡೂ ಹೆಸರಿನಲ್ಲೇ ಇವೆ. ಪಿಸ್ಟನ್ ಚಲಿಸುವ ದೂರ 128 ಮಿ.ಮೀ., ಒಟ್ಟು 5675 ಸಿ.ಸಿ. ಇಂಥ ಇಂಜಿನ್‌ಗಳಲ್ಲಿ ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡುವ ಜಾಗ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಆಯಿಲ್ ಪದರವಂತೂ ಕೆಲವೇ ಮೈಕ್ರಾನ್. ಆ ಪದರವನ್ನು ಹಿಡಿದಿಡಲೆಂದೇ ಹೋನಿಂಗ್ ಕಲ್ಲಿನಿಂದ ಉಜ್ಜುವಾಗ ಗೋಡೆಯ ಮೇಲೆ ಓರೆಯಾಗಿ ಒಂದನ್ನೊಂದು ಕತ್ತರಿಸುವ ನವಿರು ಗೆರೆಗಳನ್ನು ಎಳೆದಿರುತ್ತಾರೆ. ಓರೆ ಗೆರೆ ಇರಲೇಬೇಕು. ಮೇಲಿಂದ ಕೆಳಕ್ಕೆ ನೆಟ್ಟಗೆ ಬಿದ್ದ ಗೀರು ಇರಬಾರದು.

ಹೆಡ್ ಎತ್ತಿ ಟಾರ್ಚ್ ಬಿಟ್ಟಾಗ ಕಾಣುವ ಗೀರು ಎಲ್ಲಿದೆ, ಹೇಗಿದೆ ಎಂಬುದರ ಮೇಲೆ ತೀರ್ಮಾನ. ಒಂದೇ ಸಿಲಿಂಡರಿನಲ್ಲಿ, ಪಿಸ್ಟನ್ ಪಿನ್ನಿನ ನೇರಕ್ಕೆ ಆಳವಾದ ಕಾಲುವೆ ಕೊರೆದಿದ್ದರೆ ಪಿನ್ನಿನ ಲಾಕ್ ಕಳಚಿ ಗೋಡೆ ಕೆರೆದಿದೆ. ಪಿನ್ನಿನ ಎರಡೂ ಮಗ್ಗುಲಿಗೆ ಪಿಸ್ಟನ್ನಿನ ಲೋಹ ಮೆತ್ತಿಕೊಂಡ ಕಲೆಗಳಿದ್ದರೆ ಇಂಜಿನ್ ಕಾದು ಪಿಸ್ಟನ್ ಹಿಡಿದುಕೊಂಡಿತ್ತು. ಒಂದು ಬದಿ ಮೇಲುಗಡೆ, ಎದುರು ಬದಿ ಕೆಳಗಡೆ ಉಜ್ಜಿದ್ದರೆ ಕನೆಕ್ಟಿಂಗ್ ರಾಡ್ ಬಾಗಿದೆ. ಗೋಡೆಯ ಒಂದು ಪಟ್ಟಿ ಮಾತ್ರ ಒಣಗಿ ಹೊಳೆಯುತ್ತಿದ್ದರೆ ಇಂಜೆಕ್ಟರ್ ಡೀಸೆಲ್ ತೊಟ್ಟಿಕ್ಕಿಸಿ ಆಯಿಲ್ ಪದರ ತೊಳೆದುಹಾಕಿದೆ. ಆಗ ಇಂಜಿನ್ ತಳದ ಚೇಂಬರಿನ ಆಯಿಲ್ ಇಳಿಯುವ ಬದಲು ಏರುವುದೂ ಉಂಟು, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ.

ಗೀರಿನ ಆಳಕ್ಕೆ ಉಗುರೇ ಮೊದಲ ಅಳತೆಗೋಲು. ಅಡ್ಡಡ್ಡ ಎಳೆದಾಗ ಉಗುರು ಸಿಕ್ಕಿಕೊಂಡರೆ ಬೋರ್ ಮತ್ತೆ ಹೊಡೆಸಬೇಕು, ಇಲ್ಲವೇ ಲೈನರ್ ಬದಲಿಸಬೇಕು. ಜಾರಿ ಹೋದರೆ ಹೋನಿಂಗ್, ಹೊಸ ರಿಂಗ್‌ನಲ್ಲೇ ಮುಗಿದೀತು. ಆಮೇಲೆ ಬೋರ್ ಗೇಜ್. ಮೇಲೆ, ನಡುವೆ, ಕೆಳಗೆ ಮೂರು ಕಡೆ, ಉದ್ದಕ್ಕೂ ಅಡ್ಡಕ್ಕೂ ಅಳೆದರೆ ಸಿಲಿಂಡರ್ ದುಂಡಗಿದೆಯೋ ಮೊಟ್ಟೆಯಾಗಿದೆಯೋ ಗೊತ್ತಾಗುತ್ತದೆ.

ಆರೂ ಸಿಲಿಂಡರಿನಲ್ಲಿ ಒಂದೇ ಬಗೆಯ ಸಣ್ಣ ಸಣ್ಣ ನೆಟ್ಟನೆ ಗೀರುಗಳಿದ್ದಾಗಲೇ ನಿಜವಾದ ಪೇಚಾಟ. ಅಪರಾಧಿ ಒಂದೋ ಹೊರಗಿನ ಧೂಳು, ಇಲ್ಲವೇ ಹೋನಿಂಗ್ ಕಲ್ಲಿನ ಪುಡಿ. ಬಸವಕಲ್ಯಾಣದ ಸುತ್ತ ಕೆಂಪು ಜಂಬಿಟ್ಟಿಗೆ ನೆಲ, ಕೆಳಗಿಳಿದರೆ ಎರೆ ಹೊಲ. ಬೇಸಿಗೆಯಲ್ಲಿ ಧೂಳಿಗೆ ಬರವಿಲ್ಲ. ಏರ್ ಫಿಲ್ಟರ್ ದಾಟಿದ ಮೇಲಿನ ರಬ್ಬರ್ ಹೋಸ್ ಒಂದೆಡೆ ಸೀಳಿದ್ದರೂ ಸಾಕು, ಹೊಸ ರಿಂಗು ಬೇಗನೆ ಹಳತಾಗುತ್ತದೆ. ಆ ಪೈಪಿನ ಒಳಮೈ ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಮಣ್ಣು ಹತ್ತಿದರೆ ದೋಷ ಅಲ್ಲೇ.

ಪೈಪ್ ಸ್ವಚ್ಛವಾಗಿದ್ದರೆ ಉಳಿದದ್ದು ತೊಳೆತ. ಬೋರ್ ಆದ ಬ್ಲಾಕನ್ನು ಡೀಸೆಲ್‌ನಲ್ಲೋ ಸೀಮೆಎಣ್ಣೆಯಲ್ಲೋ ತೊಳೆಯುವ ರೂಢಿ ಅನೇಕ ಕಡೆ ಇದೆ. ಕಣ್ಣಿಗೆ ಚೊಕ್ಕಟವಾಗಿ ಕಾಣುತ್ತದೆ, ಆದರೆ ಕಲ್ಲಿನ ಪುಡಿ ಓರೆ ಗೆರೆಗಳ ಸಂದಿಯಲ್ಲೇ ಕೂತಿರುತ್ತದೆ. ಬಿಸಿನೀರು, ಸೋಪು, ಬಿರುಸಾದ ಬ್ರಷ್ಷು ಇದಕ್ಕೆ ಮದ್ದು. ತೊಳೆದು ಒಣಗಿಸಿ, ಆಯಿಲ್ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೆ ತೊಳೆಯಬೇಕು. ಲೇತ್‌ನವನ ತಲೆಗೆ ಕಟ್ಟುವ ಎಷ್ಟೋ ದೋಷಗಳು ಹುಟ್ಟುವುದು ಈ ಬಕೆಟ್ಟಿನ ಕೆಲಸದಲ್ಲಿ. ಅದನ್ನು ವಹಿಸುವುದು ಅಂಗಡಿಯ ಅತಿ ಚಿಕ್ಕ ಹುಡುಗನಿಗೆ!

ಗೀರೇ ಇಲ್ಲದೆ ಆಯಿಲ್ ತಿನ್ನುವ ಇಂಜಿನ್ನೂ ಉಂಟು. ಎರಡನೇ ರಿಂಗ್ ತಲೆಕೆಳಗಾಗಿ ಕೂತಿದ್ದರೆ ಆಯಿಲ್ ಕೆಳಗೆ ಬಳಿಯುವ ಬದಲು ಮೇಲಕ್ಕೆ ಎಳೆಯುತ್ತದೆ. ಹಾಗಾಗದಿರಲೆಂದೇ ರಿಂಗಿನ ಮೇಲೆ ‘ಟಾಪ್’ ಗುರುತು ಇರುತ್ತದೆ. ಇನ್ನು ಕೆಲವರು ಹೊಸ ಇಂಜಿನ್ ಎಂದು ವಿಪರೀತ ಮುದ್ದು ಮಾಡುತ್ತಾರೆ. ಗಂಟೆಗಟ್ಟಲೆ ನಿಂತಲ್ಲೇ ಚಾಲು ಇಡುವುದು, ಖಾಲಿ ಗಾಡಿ ಮೆಲ್ಲಗೆ ಓಡಿಸುವುದು. ರಿಂಗನ್ನು ಗೋಡೆಗೆ ಒತ್ತುವುದು ಉರಿಯುವ ಗಾಳಿಯ ಒತ್ತಡ. ಲೋಡೇ ಇಲ್ಲದಿದ್ದರೆ ರಿಂಗ್ ಕೂರುವುದಿಲ್ಲ, ಗೋಡೆ ಗಾಜಿನಂತೆ ನುಣುಪಾಗಿ ಆಯಿಲ್ ಮೇಲೇರುತ್ತದೆ. ಹದವಾದ ಲೋಡು, ಏರಿಳಿಯುವ ವೇಗ ಮೊದಲ ದಿನಗಳಿಗೆ ಬೇಕು.

2020ರ ಏಪ್ರಿಲ್‌ನಿಂದ ಬಂದ, ಬಿಎಸ್-6 ಹೊಗೆ ನಿಯಮದ ಲಾರಿಗಳಲ್ಲಿ ಹೊಗೆ ನೋಡಿ ಹೇಳುವ ದಾರಿ ಬಹುಮಟ್ಟಿಗೆ ಮುಚ್ಚಿದೆ. ಸೈಲೆನ್ಸರ್‌ಗಿಂತ ಮುಂಚೆ ಕೂತಿರುವ ಫಿಲ್ಟರ್ ಮಸಿಯನ್ನು ಹಿಡಿದುಬಿಡುತ್ತದೆ. ಉರಿದ ಆಯಿಲ್‌ನ ಬೂದಿ ಮಾತ್ರ ಅಲ್ಲೇ ಉಳಿದು ಫಿಲ್ಟರ್ ಕಟ್ಟಿಕೊಳ್ಳುವಂತೆ ಮಾಡುತ್ತದೆ. ಹಾಗಾಗಿ ಈ ಗಾಡಿ ಬಂದಾಗ ಹೊಗೆಯ ಬಣ್ಣ ವಿಚಾರಿಸಿ ಫಲವಿಲ್ಲ. ಫಿಲ್ಟರಿನ ದೀಪ ಎಷ್ಟು ದಿನಕ್ಕೊಮ್ಮೆ ಹತ್ತುತ್ತದೆ, ನಡುವೆ ಎಷ್ಟು ಆಯಿಲ್ ಸುರಿದಿರಿ ಎಂದು ಕೇಳಬೇಕು. ಆಮೇಲೆ ಸ್ಕ್ಯಾನರ್ ಜೋಡಿಸಬೇಕು.