‘ಕಲೆ ಹೊಟ್ಟೆ ತುಂಬಿಸುವುದಿಲ್ಲ’: ಅಪ್ಪ-ಅಮ್ಮನ ಈ ಮಾತು ಎಷ್ಟು ನಿಜ?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಒಂದೇ ಬಗೆಯ ಮಾತುಕತೆ ನಡೆಯುತ್ತದೆ. ಮಗಳು ಅನಿಮೇಶನ್ ಓದುತ್ತೇನೆ ಅನ್ನುತ್ತಾಳೆ. ಅಪ್ಪ ಆಗಲೇ ಪಿಸಿಎಂಬಿ ಅರ್ಜಿ ತಂದಿಟ್ಟಿದ್ದಾರೆ. ಅಮ್ಮ ಇಬ್ಬರ ನಡುವೆ ನಿಂತು, “ಮೊದಲು ಒಂದು ಡಿಗ್ರಿ ಮುಗಿಸಿಬಿಡು ಪುಟ್ಟಾ, ಆಮೇಲೆ ನಿನ್ನಿಷ್ಟ” ಅನ್ನುತ್ತಾರೆ. ಮನೆಯಲ್ಲಿ ಕೇಳುವ ಮಾತು: ಕಲೆ ಹೊಟ್ಟೆ ತುಂಬಿಸುವುದಿಲ್ಲ. ಮೊಬೈಲಿನಲ್ಲಿ ಬರುವ ರೀಲ್ಸ್‌ಗಳ ಮಾತು: ನಿನಗಿಷ್ಟ ಬಂದದ್ದನ್ನು ಮಾಡು, ದುಡ್ಡು ತಾನಾಗಿ ಹಿಂದೆ ಬರುತ್ತದೆ.

ಈ ಎರಡೂ ಮಾತುಗಳನ್ನು ನಡೆದಿರುವ ಸಂಶೋಧನೆಗಳ ಜೊತೆ ಇಟ್ಟು ನೋಡಿದರೆ, ಎರಡೂ ಅರ್ಧ ಸತ್ಯ. ಯಾವ ಅರ್ಧ ಸತ್ಯ ಅನ್ನುವುದು ತಿಳಿದರೆ ಊಟದ ಹೊತ್ತಿನ ಜಗಳ ಸ್ವಲ್ಪ ಬೇರೆ ರೀತಿ ನಡೆಯಬಹುದು.

ಸಮಸ್ಯೆ ಇರುವುದು ಸರಾಸರಿಯಲ್ಲಿ ಅಲ್ಲ

ಒಂದು ಲೆಕ್ಕ ಮಾಡೋಣ. ಇದು ಕೇವಲ ಉದಾಹರಣೆ. ಒಂದು ವೃತ್ತಿಯಲ್ಲಿ ಹತ್ತು ಜನ ಇದ್ದಾರೆ, ಪ್ರತಿಯೊಬ್ಬರಿಗೂ ತಿಂಗಳಿಗೆ 40,000 ರೂಪಾಯಿ. ಇನ್ನೊಂದು ವೃತ್ತಿಯಲ್ಲೂ ಹತ್ತು ಜನ. ಅಲ್ಲಿ ಒಬ್ಬರಿಗೆ 2,65,000, ಉಳಿದ ಒಂಬತ್ತು ಜನರಿಗೆ ತಲಾ 15,000. ಕೂಡಿಸಿ ನೋಡಿ, ಎರಡರ ಸರಾಸರಿಯೂ 40,000ವೇ. ಆದರೆ ನಿಮ್ಮ ಮಗಳನ್ನು ಎರಡನೇ ವೃತ್ತಿಗೆ ಕಳಿಸುವಾಗ ಅವಳು ಆ ಒಬ್ಬಳಾಗುತ್ತಾಳೋ, ಒಂಬತ್ತರಲ್ಲಿ ಒಬ್ಬಳಾಗುತ್ತಾಳೋ ಯಾರಿಗೂ ಗೊತ್ತಿಲ್ಲ.

ಸಿನಿಮಾ, ಸಂಗೀತ, ಪುಸ್ತಕ ಮುಂತಾದ ಕ್ಷೇತ್ರಗಳಲ್ಲಿ ಹೀಗೇಕೆ ಆಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಶೆರ್ವಿನ್ ರೋಸೆನ್ 1981ರಲ್ಲೇ ಬರೆದಿದ್ದರು. ಒಬ್ಬ ವೈದ್ಯರು ದಿನಕ್ಕೆ ಎಷ್ಟು ರೋಗಿಗಳನ್ನು ನೋಡಬಹುದು ಎನ್ನುವುದಕ್ಕೆ ಮಿತಿ ಇದೆ. ಆದ್ದರಿಂದ ಊರಿಗೆ ಹಲವು ವೈದ್ಯರು ಬೇಕು, ಸಾಧಾರಣ ವೈದ್ಯರಿಗೂ ಕೆಲಸ ಇರುತ್ತದೆ. ಹಾಡಿಗೆ ಆ ಮಿತಿ ಇಲ್ಲ. ಒಮ್ಮೆ ರೆಕಾರ್ಡ್ ಆದ ಹಾಡನ್ನು ಒಂದು ಕೋಟಿ ಜನ ಕೇಳಬಹುದು. ಅತಿ ಚೆನ್ನಾಗಿ ಹಾಡುವವರಿಗೂ ಚೆನ್ನಾಗಿ ಹಾಡುವವರಿಗೂ ಪ್ರತಿಭೆಯಲ್ಲಿ ಕೂದಲೆಳೆಯ ಅಂತರ ಇದ್ದರೂ ಸಂಪಾದನೆಯಲ್ಲಿ ಆಕಾಶ-ಭೂಮಿಯ ಅಂತರ ಬೀಳುವುದು ಇದರಿಂದಲೇ.

ಅಪ್ಪ-ಅಮ್ಮ ಈ ಪ್ರಬಂಧ ಓದಿರುವುದಿಲ್ಲ. ಆದರೆ ಊರಿನ ನಾಟಕ ಕಂಪನಿಯವರ ಬದುಕು, ವಾದ್ಯ ನುಡಿಸುತ್ತಿದ್ದ ಚಿಕ್ಕಪ್ಪನ ಕಷ್ಟ ನೋಡಿರುತ್ತಾರೆ. ಅದರ ಮೇಲೆ, ಮನುಷ್ಯರಿಗೆ ಲಾಭದ ಖುಷಿಗಿಂತ ಅಷ್ಟೇ ಮೊತ್ತದ ನಷ್ಟದ ನೋವು ಹೆಚ್ಚು ತಟ್ಟುತ್ತದೆ ಎಂದು ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲಿ ತೋರಿಸಿದರು. ಮಕ್ಕಳ ವಿಷಯದಲ್ಲಿ ಆ ನೋವು ಇನ್ನೂ ಹೆಚ್ಚು ಇರಬಹುದು ಎಂದು ಊಹಿಸಲು ಸಂಶೋಧನೆ ಬೇಕಿಲ್ಲ.

ಇನ್ನೊಂದು ಕಹಿ ಸತ್ಯವೂ ಇದೆ. ಕರೋಲ್ ಬೊರೊವೀಕ್ಕಿ ಎಂಬ ಅರ್ಥಶಾಸ್ತ್ರಜ್ಞರು 1850ರಿಂದೀಚಿನ ಅಮೆರಿಕದ ಜನಗಣತಿ ಮಾಹಿತಿ ಹಿಡಿದು ಯಾರು ಕಲಾವಿದರಾಗುತ್ತಾರೆ ಎಂದು ಹುಡುಕಿದರು. ಕುಟುಂಬದ ಆದಾಯ 10,000 ಡಾಲರ್ ಹೆಚ್ಚಿದಂತೆಲ್ಲ ಆ ಮನೆಯವರು ಸೃಜನಶೀಲ ವೃತ್ತಿಗೆ ಹೋಗುವ ಸಾಧ್ಯತೆ ಸುಮಾರು ಶೇ. 2ರಷ್ಟು ಹೆಚ್ಚುತ್ತಿತ್ತು. ಬಿದ್ದರೆ ಹಿಡಿಯುವವರು ಇದ್ದಾಗ ಹಾರುವುದು ಸುಲಭ. ಆದ್ದರಿಂದ ಮನೆ ಸಾಲದ ಕಂತು ಕಟ್ಟುತ್ತಿರುವ ಅಪ್ಪ “ನಮ್ಮಂಥವರಿಗೆ ಇದೆಲ್ಲ ಅಲ್ಲ ಮಗಾ” ಅಂದರೆ ಅದನ್ನು ಹಳೆಯ ಕಾಲದವರ ಅಜ್ಞಾನ ಎಂದು ತಳ್ಳಿಹಾಕುವುದು ಅನ್ಯಾಯ. ಅವರು ತಮ್ಮ ಬಳಿ ಇಲ್ಲದ ವಿಮೆಯ ಬಗ್ಗೆ ಮಾತಾಡುತ್ತಿದ್ದಾರೆ.

ಆದರೆ ‘ಸೇಫ್’ ಕೆಲಸ ಎಷ್ಟು ಸೇಫ್?

ಅಪ್ಪ-ಅಮ್ಮನ ಲೆಕ್ಕ ತಪ್ಪುವುದು ಇಲ್ಲಿ. ಕಲೆಯ ಅಪಾಯವನ್ನು ಅವರು ಸರಿಯಾಗಿ ಅಳೆಯುತ್ತಾರೆ. ಇನ್ನೊಂದು ತಟ್ಟೆಯಲ್ಲಿ ಇಡುವ ತೂಕ ಮಾತ್ರ ಮೂವತ್ತು ವರ್ಷ ಹಳೆಯದು.

ಸರ್ಕಾರಿ ಕೆಲಸ ಅಂದರೆ ಕೊನೆಯವರೆಗೂ ಪಿಂಚಣಿ ಎಂಬ ನಂಬಿಕೆಯನ್ನೇ ನೋಡಿ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಕೆಲಸಕ್ಕೆ ಸೇರಿದವರನ್ನು ಹಳೆಯ ನಿಶ್ಚಿತ ಪಿಂಚಣಿಯ ಬದಲು ಎನ್‌ಪಿಎಸ್‌ಗೆ ತರಲಾಯಿತು. ಅಲ್ಲಿ ಸಿಗುವ ಮೊತ್ತ ಮಾರುಕಟ್ಟೆಯ ಏರಿಳಿತಕ್ಕೂ ಒಳಪಟ್ಟಿದೆ. ಅಂದರೆ ಆ ಕೆಲಸ ಕೂಡ ಅಜ್ಜ ಮಾಡಿದ ಕೆಲಸವಲ್ಲ.

ಡಿಗ್ರಿ ಇದ್ದರೆ ಕೆಲಸ ಗ್ಯಾರಂಟಿ ಎಂಬುದೂ ಹಾಗೆಯೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಹಯೋಗದಲ್ಲಿ 2024ರಲ್ಲಿ ಬಂದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಪದವೀಧರ ಯುವಜನರ ನಿರುದ್ಯೋಗ ಶೇ. 29.1. ಓದು-ಬರಹ ಬಾರದ ಯುವಜನರಲ್ಲಿ ಅದು ಶೇ. 3.4. (ಓದದಿದ್ದರೆ ಒಳ್ಳೆಯದು ಎಂದು ಇದರ ಅರ್ಥ ಅಲ್ಲ. ಬಡವರಿಗೆ ಕೆಲಸವಿಲ್ಲದೆ ಕೂರಲು ಆಗುವುದಿಲ್ಲ, ಸಿಕ್ಕಿದ್ದನ್ನು ಮಾಡುತ್ತಾರೆ.) ಡಾಕ್ಟರ್ ಆಗಲಿ ಅಂದರೆ, 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು, ದೇಶದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷದ ಆಸುಪಾಸು. ಹೀಗಾಗಿ ನೀಟ್ ದಾರಿಯೂ ಒಬ್ಬರು ಗೆದ್ದು ಹಲವರು ಹಿಂದುಳಿಯುವ ದಾರಿಯೇ. ಅದನ್ನು ಯಾರೂ ಜೂಜು ಅನ್ನುವುದಿಲ್ಲ, ಅಷ್ಟೇ.

ಬಸ್ ಚಾಲಕರ ಮಗ ಯಶ್ ಆಗಲಿಲ್ಲವೇ?

ಆದರು. ಇಂಥ ಕತೆಗಳಿಂದ ಹುರುಪು ಬರುತ್ತದೆ, ಬರಲಿ. ಲೆಕ್ಕಕ್ಕೆ ಮಾತ್ರ ಅವು ಬರುವುದಿಲ್ಲ.

ಎರಡನೇ ಮಹಾಯುದ್ಧದಲ್ಲಿ ಗುಂಡೇಟು ತಿಂದು ವಾಪಸು ಬಂದ ವಿಮಾನಗಳನ್ನು ನೋಡಿ, ಎಲ್ಲಿ ಹೆಚ್ಚು ತೂತು ಬಿದ್ದಿದೆಯೋ ಅಲ್ಲಿ ದಪ್ಪ ತಗಡು ಹಾಕಬೇಕು ಎಂದು ಅನ್ನಿಸುವುದು ಸಹಜ. ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ಅವರ ಲೆಕ್ಕ ಇದಕ್ಕೆ ತಿರುಗುಮುರುಗು. ಎಂಜಿನ್ನಿಗೆ ಗುಂಡು ಬಿದ್ದ ವಿಮಾನಗಳು ವಾಪಸು ಬಂದೇ ಇಲ್ಲ, ಆದ್ದರಿಂದ ತೂತು ಕಾಣದ ಜಾಗಕ್ಕೇ ರಕ್ಷಣೆ ಬೇಕು. ಉಳಿದುಬಂದವರನ್ನಷ್ಟೇ ನೋಡಿ ತೀರ್ಮಾನ ಮಾಡುವ ಈ ತಪ್ಪಿಗೆ ಸರ್ವೈವರ್‌ಶಿಪ್ ಬಯಸ್ ಎನ್ನುತ್ತಾರೆ. ಗಾಂಧಿನಗರದಲ್ಲಿ ಐದು ವರ್ಷ ಅಲೆದು ಊರಿಗೆ ಮರಳಿದವರನ್ನು ಯಾವ ಯೂಟ್ಯೂಬ್ ಚಾನೆಲ್ ಸಂದರ್ಶನ ಮಾಡುತ್ತದೆ? ಒಂದು ಕ್ಷೇತ್ರಕ್ಕೆ ಹೋಗುವ ಮುಂಚೆ ಅದರಲ್ಲಿ ಗೆದ್ದವರನ್ನು ಮಾತಾಡಿಸಿದಷ್ಟೇ, ಬಿಟ್ಟುಬಂದವರನ್ನೂ ಹುಡುಕಿ ಮಾತಾಡಿಸಿ. ಯಾವ ವರ್ಷ ಬಿಟ್ಟರು, ಯಾಕೆ ಬಿಟ್ಟರು, ಈಗ ಏನು ಮಾಡುತ್ತಿದ್ದಾರೆ ಎಂದು ಕೇಳಿ.

ಕನ್ನಡದವರಿಗೆ ಹೊಸದಲ್ಲದ ದಾರಿ

‘ಕೆಲಸ ಬಿಟ್ಟರಷ್ಟೇ ಕಲೆ ಒಲಿಯುತ್ತದೆ’ ಎಂಬುದು ಹೊರಗಿನಿಂದ ಬಂದ ಕಲ್ಪನೆ ಎಂದು ನಮಗೆ ಅನುಮಾನ. ಕನ್ನಡ ಸಾಹಿತ್ಯದ ಇತಿಹಾಸ ಹೇಳುವುದೇ ಬೇರೆ. ಮಾಸ್ತಿ ಸರ್ಕಾರಿ ಅಧಿಕಾರಿ. ಕುವೆಂಪು ಮೈಸೂರಿನಲ್ಲಿ ಪ್ರಾಧ್ಯಾಪಕರು. ನಿಸಾರ್ ಅಹಮದ್ ಭೂವಿಜ್ಞಾನ ಕಲಿಸುತ್ತಿದ್ದರು. ಯಶವಂತ ಚಿತ್ತಾಲರು ಮುಂಬೈಯಲ್ಲಿ ರಾಸಾಯನಿಕ ಉದ್ಯಮದಲ್ಲಿದ್ದರು, ಜಯಂತ ಕಾಯ್ಕಿಣಿ ಅದೇ ಊರಿನಲ್ಲಿ ಔಷಧ ಕಂಪನಿಯ ಬಯೋಕೆಮಿಸ್ಟ್. ಗಿರೀಶ ಕಾರ್ನಾಡರು ಧಾರವಾಡದಲ್ಲಿ ಗಣಿತ-ಸಂಖ್ಯಾಶಾಸ್ತ್ರ ಓದಿ, ‘ಯಯಾತಿ’ ಪ್ರಕಟವಾದ ಮೇಲೂ ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ 1963ರಿಂದ 1970ರವರೆಗೆ ಕೆಲಸ ಮಾಡಿದರು. ಆಮೇಲೆ ಬಿಟ್ಟರು.

ಇವರೆಲ್ಲರೂ ಗೆದ್ದವರೇ, ಇಲ್ಲೂ ವಾಲ್ಡ್ ಎಚ್ಚರಿಕೆ ಅನ್ವಯಿಸುತ್ತದೆ ಅಂತ ನೀವು ಅನ್ನಬಹುದು. ಸರಿ. ಅದಕ್ಕೇ ಒಂದು ಅಧ್ಯಯನ ನೋಡೋಣ. ಜೋಸೆಫ್ ರಾಫಿ ಮತ್ತು ಜಿ ಫೆಂಗ್ 2014ರಲ್ಲಿ ಅಮೆರಿಕದ ಸಾವಿರಾರು ಜನರ ಮಾಹಿತಿ ಪರಿಶೀಲಿಸಿದರು. ಸಂಬಳದ ಕೆಲಸ ಇಟ್ಟುಕೊಂಡೇ ಸ್ವಂತ ಉದ್ಯಮ ಶುರು ಮಾಡಿ ನಂತರ ಅದಕ್ಕೆ ಪೂರ್ತಿ ಇಳಿದವರು ಮುಳುಗುವ ಸಂಭವ, ಮೊದಲೇ ಕೆಲಸ ಬಿಟ್ಟವರಿಗಿಂತ ಶೇ. 33ರಷ್ಟು ಕಡಿಮೆ ಇತ್ತು. ಉದ್ಯಮ ಮತ್ತು ಕಲೆ ಒಂದೇ ಅಲ್ಲ, ಆದರೆ ಕಾರಣ ಎರಡಕ್ಕೂ ಹೊಂದುತ್ತದೆ. ಬಾಡಿಗೆಯ ಚಿಂತೆ ಇಲ್ಲದಾಗ ಕೆಟ್ಟ ಕೆಲಸ ಒಪ್ಪಿಕೊಳ್ಳಬೇಕಿಲ್ಲ, ಕಲಿಯಲು ಸಮಯ ಸಿಗುತ್ತದೆ, ಆಗದು ಅನ್ನಿಸಿದರೆ ಮರ್ಯಾದೆಯಿಂದ ಹಿಂದೆ ಸರಿಯಬಹುದು.

ಹಾಗಂತ ಎಲ್ಲ ಕಲೆಗೂ ಈ ದಾರಿ ಒಗ್ಗುವುದಿಲ್ಲ. ಕವಿತೆಯನ್ನು ರಾತ್ರಿ ಹತ್ತರ ನಂತರ ಬರೆಯಬಹುದು. ಭರತನಾಟ್ಯವನ್ನು ಮೂವತ್ತಕ್ಕೆ ಮುಂದೂಡಲಾಗುವುದಿಲ್ಲ, ದೇಹ ಕಾಯುವುದಿಲ್ಲ. ಸಿನಿಮಾ ಸಂಕಲನ, ಛಾಯಾಗ್ರಹಣ, ಅನಿಮೇಶನ್ ಕಲಿಯಲು ಉಪಕರಣ ಬೇಕು, ತಂಡ ಬೇಕು, ದಿನದ ಎಂಟು-ಹತ್ತು ಗಂಟೆ ಬೇಕು. ಗಿರೀಶ ಕಾಸರವಳ್ಳಿ ಮಣಿಪಾಲದಲ್ಲಿ ಬಿ.ಫಾರ್ಮ ಮುಗಿಸಿದ ಮೇಲೂ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋಗಿ ಕಲಿಯಬೇಕಾಯಿತು. ‘ಮೊದಲು ಒಂದು ಡಿಗ್ರಿ’ ಎಂಬ ಅಮ್ಮನ ಸಲಹೆ ಬರಹಗಾರರಿಗೆ ಕೊಟ್ಟರೆ ಒಂದು ಬೆಲೆ, ನೃತ್ಯಗಾತಿಗೆ ಕೊಟ್ಟರೆ ಇನ್ನೊಂದು ಬೆಲೆ. ಮನೆಯಲ್ಲಿ ಈ ವ್ಯತ್ಯಾಸವನ್ನು ಯಾರೂ ಮಾತಾಡುವುದಿಲ್ಲ.

ಬೆರಳಚ್ಚು ನೋಡಿ ವೃತ್ತಿ ಹೇಳುವವರು

ಈ ಗೊಂದಲದ ಲಾಭ ಪಡೆಯುವವರೂ ಇದ್ದಾರೆ. ಶಾಲೆಗಳಲ್ಲಿ, ಮಾಲ್‌ಗಳಲ್ಲಿ ಮಕ್ಕಳ ಬೆರಳಚ್ಚು ತೆಗೆದು ‘ನಿಮ್ಮ ಮಗುವಿಗೆ ಕಲೆ ಹೊಂದುತ್ತದೆ’, ‘ಎಂಜಿನಿಯರಿಂಗ್ ಹೊಂದುತ್ತದೆ’ ಎಂದು ದಪ್ಪ ವರದಿ ಕೊಡುವ ಡಿಎಂಐಟಿ ಪರೀಕ್ಷೆ ಕೇಳಿರಬಹುದು. ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಎಂದು ಭಾರತೀಯ ಮನೋವೈದ್ಯರ ಸಂಘ ಹೇಳಿಕೆಯನ್ನೇ ಕೊಟ್ಟಿದೆ. ಆ ದುಡ್ಡಿನಲ್ಲಿ ಮಗುವಿಗೆ ಒಳ್ಳೆಯ ಬಣ್ಣದ ಪೆಟ್ಟಿಗೆ ಕೊಡಿಸಬಹುದು.

‘ಇವಳದು ಬಲ ಮಿದುಳು, ಗಣಿತ ಹತ್ತುವುದಿಲ್ಲ’ ಎಂಬುದೂ ಇದೇ ಜಾತಿಯದು. ಮಿದುಳಿನ ಎರಡು ಭಾಗಗಳು ಕೆಲವು ಕೆಲಸಗಳನ್ನು ಹಂಚಿಕೊಳ್ಳುವುದು ನಿಜ. ಆದರೆ 2013ರಲ್ಲಿ ಯೂಟಾ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಜನರ ಮಿದುಳಿನ ಸ್ಕ್ಯಾನ್ ನೋಡಿದಾಗ, ಒಟ್ಟಾರೆ ಬಲ ಭಾಗವನ್ನೇ ಅಥವಾ ಎಡ ಭಾಗವನ್ನೇ ಹೆಚ್ಚು ಬಳಸುವ ‘ಬಗೆಯ’ ಜನ ಕಾಣಲಿಲ್ಲ.

ಇನ್ನು ಆಸಕ್ತಿ ಒಳಗೆ ಹುದುಗಿರುತ್ತದೆ, ಹುಡುಕಿದರೆ ಸಾಕು ಎಂಬ ನಂಬಿಕೆ. ಪಾಲ್ ಒಕೀಫ್, ಕ್ಯಾರೊಲ್ ಡ್ವೆಕ್ ಮತ್ತು ಗ್ರೆಗರಿ ವಾಲ್ಟನ್ 2018ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಹೀಗೆ ನಂಬಿದವರ ಉತ್ಸಾಹ ವಿಷಯ ಕಠಿಣವಾದ ಕೂಡಲೇ ಹೆಚ್ಚು ಕುಸಿಯಿತು. ಆಸಕ್ತಿ ಬೆಳೆಸಿಕೊಳ್ಳುವಂಥದ್ದು ಎಂದುಕೊಂಡವರು ತಡೆದುಕೊಂಡರು. ಆದ್ದರಿಂದ ಮಗನಿಗೆ ನಿಜಕ್ಕೂ ಸಿನಿಮಾ ಬೇಕೋ ಎಂದು ತಿಳಿಯಲು ಅವನು ಎಷ್ಟು ಸಿನಿಮಾ ನೋಡುತ್ತಾನೆ ಎಂದು ಎಣಿಸಬೇಡಿ. ಹತ್ತು ನಿಮಿಷದ ಕಿರುಚಿತ್ರದ ಧ್ವನಿ ಸರಿಪಡಿಸಲು ಮೂರು ರಾತ್ರಿ ಕೂರುತ್ತಾನೋ ನೋಡಿ.

ಮನೆಯಲ್ಲಿ ಮಾತಾಡುವಾಗ

‘ನನ್ನ ಕನಸು’ ಮತ್ತು ‘ನಮ್ಮ ಅನುಭವ’ ಎದುರಾಬದುರು ನಿಂತರೆ ಯಾರೂ ಸೋಲುವುದಿಲ್ಲ, ಮಾತು ಮುಂದೆ ಹೋಗುವುದೂ ಇಲ್ಲ. ನಿಜವಾದ ಭಯ ಯಾವುದು ಎಂದು ಮೊದಲು ಕೇಳಿ. ಎಷ್ಟೋ ಬಾರಿ ಅದು ಕಲೆಯ ಬಗ್ಗೆ ಇರುವುದೇ ಇಲ್ಲ. ತಂಗಿಯ ಓದಿಗೆ ದುಡ್ಡು ಉಳಿಯುತ್ತದೆಯೇ, ನಿವೃತ್ತಿಯ ನಂತರ ನಮ್ಮ ಔಷಧಿಗೆ ಯಾರು, ಮಗಳ ಮದುವೆ ಮಾತುಕತೆಯಲ್ಲಿ ‘ಹುಡುಗಿ ಏನು ಮಾಡುತ್ತಾಳೆ’ ಎಂದರೆ ಏನು ಹೇಳುವುದು. ಕೊನೆಯ ಪ್ರಶ್ನೆಗೆ ನಮ್ಮ ಬಳಿ ಸಹನೆ ಕಡಿಮೆ, ಆದರೆ ಅದು ಮನೆಯಲ್ಲಿ ಇದೆ ಎಂಬುದು ನಿಜ. ಮೊದಲ ಎರಡು ಲೆಕ್ಕ ಹಾಕಬಹುದಾದ ಪ್ರಶ್ನೆಗಳು.

ಕೋರ್ಸಿನ ಒಟ್ಟು ಶುಲ್ಕ, ಹಾಸ್ಟೆಲ್, ಲ್ಯಾಪ್‌ಟಾಪ್ ಎಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಶಿಕ್ಷಣ ಸಾಲ ಆದರೆ ಸಾಮಾನ್ಯವಾಗಿ ಅಪ್ಪ ಅಥವಾ ಅಮ್ಮ ಸಹ-ಸಾಲಗಾರರಾಗುತ್ತಾರೆ, ಕೋರ್ಸ್ ಮುಗಿದ ಒಂದು ವರ್ಷಕ್ಕೆ ಕಂತು ಶುರು. ಸೃಜನಶೀಲ ಕ್ಷೇತ್ರಗಳಲ್ಲಿ ಆದಾಯ ನಿಧಾನವಾಗಿ ಏರುವುದೂ ಆ ವರ್ಷಗಳಲ್ಲೇ. ಲಕ್ಷಾಂತರ ರೂಪಾಯಿಯ ಖಾಸಗಿ ಕೋರ್ಸಿಗೆ ಸಾಲ ಮಾಡಿ ಕಲೆಗೆ ಇಳಿಯುವುದನ್ನು ನಾವು ಯಾರಿಗೂ ಸುಲಭವಾಗಿ ಹೇಳಲಾರೆವು. ಕಡಿಮೆ ಖರ್ಚಿನಲ್ಲಿ ಪರೀಕ್ಷಿಸಿ ನೋಡುವ ಜಾಗಗಳಿವೆ. ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತಿದೆ, ಕೋರ್ಸ್ ಒಂದೇ ವರ್ಷದ್ದು. ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜಿಗೆ ಅಪ್ಪ-ಅಮ್ಮನನ್ನೇ ಕರೆದುಕೊಂಡು ಹೋಗಿ, ಅಲ್ಲಿ ಓದಿದವರು ಈಗ ಎಲ್ಲಿದ್ದಾರೆ ಎಂದು ಅವರೇ ಕೇಳಲಿ.

ಕಾನೂನಿನ ಒಂದು ಮಾಹಿತಿ ಕೂಡ ಹಾಳೆಯಲ್ಲಿರಲಿ. 2012ರ ಕೃತಿಸ್ವಾಮ್ಯ ತಿದ್ದುಪಡಿಯ ನಂತರ ಸಿನಿಮಾ ಹಾಡಿನ ಸಾಹಿತಿ ಮತ್ತು ಸಂಯೋಜಕರು ಚಿತ್ರಮಂದಿರದ ಹೊರಗಿನ ಬಳಕೆಗೆ ಬರುವ ರಾಯಧನದ ಪಾಲನ್ನು ನಿರ್ಮಾಪಕರಿಗೆ ಬರೆದುಕೊಡುವಂತೆಯೇ ಇಲ್ಲ. ಇಂಥದ್ದು ಗೊತ್ತಿಲ್ಲದೆ ಸಹಿ ಹಾಕಿದವರ ಕತೆಯೇ ಎಷ್ಟೋ ಅಪ್ಪಂದಿರ ಭಯದ ಮೂಲ.

ಮಾತು ಮುರಿದು, ಊಟ-ನಿದ್ದೆ ಬಿಡುವ ಹಂತಕ್ಕೆ ಬಂದಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ವೃತ್ತಿಯ ಪ್ರಶ್ನೆ ಆಮೇಲೆ. ಸರ್ಕಾರದ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಮಕ್ಕಳೂ ಪೋಷಕರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಈಗ ಪಿಯುಸಿ ಅರ್ಜಿಯ ವಿಷಯ. ಇಲ್ಲಿ ಬಾಗಿಲುಗಳು ಎರಡೂ ಕಡೆ ಒಂದೇ ರೀತಿ ತೆರೆಯುವುದಿಲ್ಲ. ವಿಜ್ಞಾನ ಓದಿದವರು ಎನ್‌ಐಡಿಯ ಪ್ರವೇಶ ಪರೀಕ್ಷೆಯನ್ನೂ ಐಐಟಿಗಳ ವಿನ್ಯಾಸ ಕೋರ್ಸಿಗೆ ಬೇಕಾದ ಯುಸೀಡನ್ನೂ ಬರೆಯಬಹುದು, ಕಲಾ ಅಥವಾ ವಾಣಿಜ್ಯ ಓದಿದವರೂ ಬರೆಯಬಹುದು. ಆದರೆ ಆರ್ಕಿಟೆಕ್ಚರಿಗೆ ಭೌತಶಾಸ್ತ್ರ ಮತ್ತು ಗಣಿತ ಬೇಕೇ ಬೇಕು. ಚಿತ್ರ ಬರೆಯುವ ಮಗಳಿಗೆ ಗಣಿತವೂ ಹಿಡಿಸುತ್ತದೆ ಎಂದಾದರೆ ಅಪ್ಪ ತಂದ ಅರ್ಜಿ ತುಂಬುವುದರಿಂದ ಅವಳ ದಾರಿ ಮುಚ್ಚುವುದಿಲ್ಲ, ಬಿ ಬದಲು ಸಿ ಇರುವ ಪಿಸಿಎಂಸಿ ಕೂಡ ನೋಡಬಹುದು. ಗಣಿತ ಕಂಡರೆ ಜ್ವರ ಬರುತ್ತದೆ ಎಂದಾದರೆ ಎರಡು ವರ್ಷ ಟ್ಯೂಷನ್ನಿಗೆ ಸುರಿಯುವ ದುಡ್ಡಿನಲ್ಲಿ ಕಲಾ ವಿಭಾಗದ ಓದಿನ ಜೊತೆಗೆ ಒಳ್ಳೆಯ ಡ್ರಾಯಿಂಗ್ ತರಗತಿಯ ಶುಲ್ಕ ಕಟ್ಟಿ, ಎನ್‌ಐಡಿ ಪರೀಕ್ಷೆಗೆ ಈಗಿನಿಂದಲೇ ತಯಾರಾಗಬಹುದು.