ಮಾಧವನಿದಾನವೂ ಹಂಪೆಯ ಮಾಧವಾಚಾರ್ಯರೂ

ರೋಗನಿರ್ಣಯಕ್ಕೆ ವೈದ್ಯರು ಆಶ್ರಯಿಸುವ ಮಾಧವನಿದಾನವು ಹಂಪೆಯ ವಿದ್ಯಾರಣ್ಯರೆಂದು ಪ್ರಸಿದ್ಧರಾದ ಮಾಧವಾಚಾರ್ಯರ ಕೃತಿಯೆಂದು ಹೇಳುವವರುಂಟು. ಇದಕ್ಕೆ ನಾಮಸಾಮ್ಯವೊಂದೇ ಆಧಾರವು. ನಿದಾನವನ್ನು ರಚಿಸಿದ ಮಾಧವಕರನು ಇಂದುಕರನ ಮಗನು; ಪರಾಶರಮಾಧವೀಯದ ಕರ್ತೃವಾದರೋ ಮಾಯಣನ ಮಗನು, ಸಾಯಣನ ಅಗ್ರಜನು. ಇದಕ್ಕಿಂತಲೂ ಬಲವತ್ತರವಾದ ಪ್ರಮಾಣವು ಪರದೇಶದಲ್ಲಿರುವುದು. ಕ್ರಿ. ಶ. 850ರ ಸುಮಾರಿಗೆ ತಬರಿಯು ರಚಿಸಿದ ಅರಬ್ಬೀ ವೈದ್ಯಗ್ರಂಥದಲ್ಲಿ ಚರಕ ಸುಶ್ರುತರ ಮತದೊಡನೆ ನಿದಾನದ ಸಾರವೂ ಸಂಗ್ರಹಿಸಲ್ಪಟ್ಟಿದೆ. ವಿಜಯನಗರವು ಹುಟ್ಟಿದುದು 14ನೆಯ ಶತಮಾನದಲ್ಲಿ. ಐದುನೂರು ವರ್ಷಗಳ ಹಿಂದೆಯೇ ಅರಬರು ಓದಿದ್ದ ಗ್ರಂಥವು ತುಂಗಭದ್ರೆಯ ದಡದಲ್ಲಿ ಆಮೇಲೆ ಹುಟ್ಟಿತೆಂಬುದು ಹೇಗೆ ಕೂಡೀತು?

ಗ್ರಂಥದ ಮಹಿಮೆಯು ಇದರಿಂದ ಕುಂದದು. ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬೈದರಿಂದ ವ್ಯಾಧಿಯನ್ನರಿಯಬೇಕೆಂಬುದು ಅದರ ಕ್ರಮ. ಇವುಗಳಲ್ಲಿ ಉಪಶಯವು ವಿಶೇಷವಾಗಿ ಪರಿಶೀಲನಾರ್ಹವು. ಲಕ್ಷಣಗಳು ಗೂಢವಾಗಿದ್ದಲ್ಲಿ ಔಷಧವನ್ನೋ ಆಹಾರವಿಹಾರಗಳನ್ನೋ ಪ್ರಯೋಗಿಸಿ, ಯಾವುದರಿಂದ ಸುಖವುಂಟಾಗುವುದೋ ಅದರಿಂದ ದೋಷವನ್ನು ನಿಶ್ಚಯಿಸುವುದೇ ಉಪಶಯವು. ಸಂಧಿಗಳ ನೋವು ಎಣ್ಣೆಯ ಅಭ್ಯಂಗದಿಂದ ಇಳಿದರೆ ಕೇವಲ ವಾತವೆಂದೂ, ಹೆಚ್ಚಿದರೆ ಆಮವು ಕೂಡಿದೆಯೆಂದೂ ವೈದ್ಯರು ತಿಳಿಯುವರು. ಆಮವಾತಕ್ಕೆ ಪ್ರತ್ಯೇಕವಾದ ಅಧ್ಯಾಯವನ್ನು ಕಲ್ಪಿಸಿದವನೂ ಮಾಧವಕರನೇ. ನಿದಾನವು ಚಿಕಿತ್ಸೆಯನ್ನು ಹೇಳುವುದಿಲ್ಲ. ಅದೇ ರೋಗಕ್ರಮವನ್ನನುಸರಿಸಿ ವೃಂದನು ಸಿದ್ಧಯೋಗದಲ್ಲಿ ಆ ಕೊರತೆಯನ್ನು ತುಂಬಿದನು.

ವಿಜಯನಗರಕಾಲದ ವೈದ್ಯವನ್ನು ಅರಸುವವರು ಸಾಯಣನ ಹೆಸರಿನಲ್ಲಿರುವ ಆಯುರ್ವೇದಸುಧಾನಿಧಿಯನ್ನೂ, ವಿಷಚಿಕಿತ್ಸೆಯನ್ನು ಕನ್ನಡದಲ್ಲಿ ನಿರೂಪಿಸುವ ಮಂಗರಾಜನ ಖಗೇಂದ್ರಮಣಿದರ್ಪಣವನ್ನೂ ನೋಡತಕ್ಕದ್ದು.